ಬಯಕೆ ಊಟಕ್ಕೆ ಬಂದ ಗೊಜ್ಜು

ಆ ಈರುಳ್ಳಿಯಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಡಾಕ್ಟರಮ್ಮನ ಬಾಯಿಂದಲೇ ಕೇಳಿಕೊಂಡು ಬಂದಿದ್ದೆ. ಆದರೂ ಮಗಳ ಬಯಕೆ ಊಟದ ದಿನ, ಬೀಗರ ಮನೆಯ ನಡುಮನೆಯಲ್ಲಿ, ಅಷ್ಟು ಜನ ಹೆಂಗಸರು ನನ್ನ ಮುಖವನ್ನೇ ನೋಡುತ್ತಿದ್ದಾಗ, ಆ ಒಂದು ಮಾತನ್ನು ನಾನು ಹೇಳಲಿಲ್ಲ. ಹೇಳುವುದಕ್ಕೆ ಒಂದು ನಿಮಿಷವೂ ಬೇಕಿರಲಿಲ್ಲ. ಹೇಳಿದ್ದರೆ ನನ್ನ ತಂಗಿ ತಾನು ಮಾಡಿ ತಂದಿದ್ದನ್ನು ಮುಚ್ಚಿಕೊಂಡು ವಾಪಸ್ ಹೋಗುತ್ತಿರಲಿಲ್ಲ.

ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅವಳು ಹುಟ್ಟಿದಾಗ ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ಅವ್ವ ಹೊಲಕ್ಕೆ ಹೋಗಬೇಕು, ಕೂಸನ್ನು ಯಾರು ನೋಡಿಕೊಳ್ಳಬೇಕು ಎಂದು ಮಾತು ಬಂತು. ಮಾರನೆಯ ದಿನದಿಂದ ನಾನು ಶಾಲೆಗೆ ಹೋಗಲಿಲ್ಲ. ಇವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಶಾಲೆಯ ಗೋಡೆಯ ಆಚೆ ನಿಂತು, ಒಳಗೆ ಮಕ್ಕಳು ಮಗ್ಗಿ ಹೇಳುವುದನ್ನು ಕೇಳುತ್ತಿದ್ದೆ. ಹದಿಮೂರರ ಮಗ್ಗಿಯವರೆಗೆ ಹಾಗೆಯೇ ಕಲಿತೆ. ಅವಳು ದೊಡ್ಡವಳಾಗಿ ಕಡೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಪಿಯುಸಿ ಮುಗಿಸಿದಳು. ಅವಳ ಬಟ್ಟೆ ಒಗೆದು, ಮಡಿಸಿ ಕೊಡುತ್ತಿದ್ದವಳು ನಾನು. ಪ್ರೀತಿ ಇರಲಿಲ್ಲ ಅಂತಲ್ಲ. ಅವಳಿಗೆ ಜ್ವರ ಬಂದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಆದರೆ ಅವಳು ಯಾವುದಾದರೂ ಕಾಗದ ಓದಿ, ಇದು ಹೀಗೆ, ಅದು ಹಾಗೆ ಎಂದು ನಾಲ್ಕು ಜನರ ಎದುರು ಹೇಳಿದಾಗಲೆಲ್ಲ ನನ್ನೊಳಗೆ ಏನೋ ಸಣ್ಣಗೆ ಚುಚ್ಚುತ್ತಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಇಲ್ಲಿ ಬರೆಯದಿದ್ದರೆ ಮುಂದಿನದು ಯಾರಿಗೂ ಅರ್ಥವಾಗುವುದಿಲ್ಲ.

ನನ್ನನ್ನು ಸಿಂಗಟಗೆರೆಗೆ ಕೊಟ್ಟರು. ಅವಳನ್ನು ಅಜ್ಜಂಪುರದ ಹತ್ತಿರದ ಒಂದು ಹಳ್ಳಿಗೆ ಕೊಟ್ಟರು. ಅವಳಿಗೆ ಮಕ್ಕಳಾಗಲಿಲ್ಲ. ಆಸ್ಪತ್ರೆ, ಹರಕೆ ಎಲ್ಲ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಆ ಮಾತನ್ನೇ ಬಿಟ್ಟರು. ನನ್ನ ಮಗಳು ಎರಡೂ ಮನೆಯಲ್ಲಿ ಬೆಳೆದಳು. ಬೇಸಿಗೆ ರಜ ಬಂತೆಂದರೆ ಚಿಕ್ಕಮ್ಮನ ಊರು. ತಲೆ ಬಾಚಿಸಿಕೊಳ್ಳುವುದು, ಸೈಕಲ್ ಕಲಿತದ್ದು, ದೊಡ್ಡವಳಾದದ್ದು ಎಲ್ಲ ಅಲ್ಲೇ. ಅವಳಿಗೆ ತರೀಕೆರೆ ಕಡೆಯಲ್ಲಿ ಗಂಡು ಗೊತ್ತಾದಾಗ, ಮೊದಲು ಚಿಕ್ಕಮ್ಮ ಒಪ್ಪಲಿ ಎಂದವಳು ಅವಳು.

ಅಜ್ಜಂಪುರದ ಕಡೆ ಮಳೆಗಾಲದ ಈರುಳ್ಳಿ. ನವರಾತ್ರಿಯ ಹೊತ್ತಿಗೆ ಕೀಳುತ್ತಾರೆ. ಎಷ್ಟು ಒಣಗಿಸಿದರೂ ಅದು ಬಹಳ ದಿನ ತಡೆಯುವುದಿಲ್ಲ. ಎರಡು ತಿಂಗಳು ಕಳೆಯುವಷ್ಟರಲ್ಲಿ ಗೋಣಿಯ ಸಂದಿಯಿಂದ ಹಸಿರು ಬಾಲ ಹೊರಗೆ ಬರುತ್ತದೆ, ಗೆಡ್ಡೆ ಟೊಳ್ಳಾಗುತ್ತದೆ. ತಂಗಿ ಅಲ್ಲಿ ಹೆಂಗಸರ ಸಂಘದ ಮುಂದಾಳು. ಎಲ್ಲೋ ಒಂದು ತರಬೇತಿಯಲ್ಲಿ ಅಧಿಕಾರಿಯೊಬ್ಬರು, ಈರುಳ್ಳಿಗೆ ಕಿರಣ ಹಾಯಿಸಿದರೆ ಅದು ಚಿಗುರುವುದಿಲ್ಲ, ತಿಂಗಳುಗಟ್ಟಲೆ ಇಡಬಹುದು ಎಂದು ಹೇಳಿದರಂತೆ. ಇವಳು ಸುಮ್ಮನೆ ಕೂರುವವಳಲ್ಲ. ಸಂಘದ ಇನ್ನಿಬ್ಬರನ್ನು ಕರೆದುಕೊಂಡು, ಎಲ್ಲರ ಹೊಲದಿಂದ ಒಂದೊಂದು ಎರಡೆರಡು ಮೂಟೆ ಕೂಡಿಸಿ, ಗಂಡನ ಸರಕಿನ ಗಾಡಿಯಲ್ಲೇ ಹಾಕಿಕೊಂಡು, ಕಿರಣ ಹಾಯಿಸುವ ದೂರದ ಕೇಂದ್ರಕ್ಕೆ ಹೋಗಿ ಬಂದಳು. ಬರುವಾಗ ನಮ್ಮನೆಗೆ ಬಂದು ಅರ್ಧ ಮೂಟೆ ಇಳಿಸಿದಳು.

ನಾನು ಹಸುವಿಗೆ ಹುಲ್ಲು ಹಾಕುತ್ತಿದ್ದೆ. ಅವಳು ಜಗುಲಿಯ ಮೇಲೆ ಕಾಲು ಚಾಚಿ ಕೂತು, ಚಂಬಿನಲ್ಲಿ ನೀರು ಕುಡಿಯುತ್ತಾ ಹೇಳಿದಳು.

“ಬಿಸಿ ಆಗಿರ್ತೈತೇನೋ ಅಂತ ಮೂಟೆ ಮುಟ್ಟಿ ನೋಡ್ದೆ ಕಣಕ್ಕಾ. ತಣ್ಣಗೈತೆ! ಹೋಗುವಾಗ ಹೆಂಗಿತ್ತೋ ಬರುವಾಗ್ಲೂ ಹಂಗೇ.”

“ಒಳಗೇನ್ ಮಾಡ್ತಾರೆ?”

“ಗೋಡೆ ಅಂದ್ರೆ ಗೋಡೆ, ನಮ್ ಅಡಿಗೆಮನೆ ಅಗಲ ಐತೆ ದಪ್ಪ. ಪೆಟ್ಟಿಗೇಲಿಟ್ಟು ಒಳಕ್ಕೆ ಕಳಿಸ್ತಾರೆ. ಕಿರಣ ಹಾಯ್ತೈತೆ. ಆಚೆ ಕಡೆಯಿಂದ ಬತ್ತೈತೆ. ಒಳಗಿರೋ ಮೊಳಕೆ ಕಣ್ಣು ನಿಂತೋಗ್ತೈತೆ, ಅಷ್ಟೇಯ.”

“ಸತ್ತೋಗ್ತೈತೆ ಅನ್ನು.”

“ಹೂಂ, ಸತ್ತೋಗ್ತೈತೆ ಅನ್ಕೋ. ಕೊಯ್ದ ಸೊಪ್ಪು ಬದುಕಿರ್ತೈತಾ? ತಿನ್ನಲ್ವಾ ನಾವು?” ಎಂದು ನಕ್ಕಳು. “ಅಲ್ಲಿ ಕೆಲ್ಸ ಮಾಡೋನು ನಮ್ಮೆದ್ರಿಗೇ ಒಂದನ್ನ ಗುದ್ದಿ ಬುತ್ತಿ ಜೊತೆ ತಿಂದ. ಹೆಚ್ಚಿದಾಗ ನಡುವೆ ಕಂದು ಚುಕ್ಕೆ ಕಂಡ್ರೆ ಹೆದರ್ಬೇಡ, ಒಣಗಿದ ಮೊಳಕೆ ಅದು. ಇನ್ನೊಂದು ಮಾತು ಕೇಳಿಸ್ಕೋ. ಇದು ತಿನ್ನಕ್ಕೆ, ಬಿತ್ತಕ್ಕಲ್ಲ.”

ಕೇಳಿಸಿಕೊಂಡೆ. ಕೇಳಿಸಲಿಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ, ಆದರೆ ಕೇಳಿಸಿತ್ತು.

ನಮ್ಮಲ್ಲಿ ಬೀಜಕ್ಕೆ ಗೆಡ್ಡೆ ಆರಿಸುವುದು ಹೆಂಗಸರ ಕೆಲಸ. ದೀಪಾವಳಿ ಕಳೆದ ಮೇಲೆ ಒಳ್ಳೊಳ್ಳೆಯ ಈರುಳ್ಳಿಯನ್ನು ಆರಿಸಿ ಮಡಿಯಲ್ಲಿ ನೆಡುತ್ತೇವೆ. ಅದು ಚಿಗುರಿ, ಕೋಲು ಎದ್ದು, ತುದಿಯಲ್ಲಿ ಬಿಳಿ ಹೂವಿನ ಚೆಂಡು ಬಿಟ್ಟು, ಒಣಗಿದಾಗ ಕರಿಯ ಬೀಜ ಕೊಡುತ್ತದೆ. ನಮ್ಮತ್ತೆ ಈ ಕೆಲಸದಲ್ಲಿ ಗಟ್ಟಿಗಿತ್ತಿ. ಅವರ ಕೈಯಿಂದ ಅದು ನನಗೆ ಬಂತು. ನಮ್ಮ ಬೀದಿಯಲ್ಲಿ ಬೀಜ ಕಡಿಮೆ ಬಿದ್ದರೆ ನಮ್ಮನೆಗೇ ಬರುತ್ತಿದ್ದರು. ಓದದ ನನಗೆ ಊರಿನಲ್ಲಿ ಇದ್ದ ಹೆಸರು ಅದೊಂದೇ.

ಆ ವರ್ಷ ನಮ್ಮ ಸ್ವಂತ ಗೆಡ್ಡೆಗಳು ಮಳೆಗೆ ಸಿಕ್ಕಿ ಮೆತ್ತಗಾಗಿದ್ದವು. ತಂಗಿ ತಂದ ಮೂಟೆಯಲ್ಲಿ ಕೈ ಹಾಕಿದರೆ ಒಂದೊಂದೂ ದುಂಡಗೆ, ಗಟ್ಟಿ, ಸಿಪ್ಪೆ ಬಿಗಿ. ನಮ್ಮತ್ತೆ ಇದ್ದಿದ್ದರೆ ಕಣ್ಣು ಮುಚ್ಚಿ ಇವನ್ನೇ ಆರಿಸುತ್ತಿದ್ದರು. ಇಂಥ ಗೆಡ್ಡೆಯನ್ನು ಯಾವ ಮಿಷನ್ನು ಏನು ಮಾಡೀತು ಎಂದುಕೊಂಡೆ. ಪಿಯುಸಿ ಓದಿದವಳಿಗೆ ಗೆಡ್ಡೆಯ ವಿಷಯ ಏನು ಗೊತ್ತು ಎಂದೂ ಅಂದುಕೊಂಡೆ. ಹಿತ್ತಿಲ ಮಡಿಯ ತುಂಬಾ ಅವನ್ನೇ ನೆಟ್ಟೆ. ನಮ್ಮ ಮೆತ್ತನೆಯ ಗೆಡ್ಡೆಗಳನ್ನು ಹಸುವಿಗೆ ಹಾಕಿಬಿಟ್ಟೆ.

ಹದಿನೈದು ದಿನಕ್ಕೆ ಪಕ್ಕದ ಹಿತ್ತಿಲುಗಳೆಲ್ಲ ಹಸಿರಾದವು. ನನ್ನ ಮಡಿಯಲ್ಲಿ ಏನೂ ಇಲ್ಲ. ನೀರು ಕಟ್ಟಿದೆ, ಕಾದೆ. ಒಂದು ತಿಂಗಳಾಯಿತು. ಕಡೆಗೆ ಒಂದನ್ನು ಅಗೆದು ತೆಗೆದೆ. ಕೆಳಗೆ ನಾಲ್ಕು ಬೇರು ಬಿಟ್ಟಂತೆ ಮಾಡಿ ಸುಮ್ಮನಾಗಿತ್ತು. ಮೇಲೆ ನೆಟ್ಟ ದಿನ ಹೇಗಿತ್ತೋ ಹಾಗೇ. ಕೊಯ್ದು ನೋಡಿದೆ. ನಟ್ಟನಡುವೆ ಕಂದು ಚುಕ್ಕೆ.

ಅವಳು ಹೇಳಿದ್ದೇ ಆಗಿತ್ತು. ಅದಕ್ಕೇ ನನಗೆ ಸಿಟ್ಟು ಬಂತು.

ಆ ವರ್ಷ ಬೀಜಕ್ಕಾಗಿ ನಾನು ಬೇರೆಯವರ ಮನೆ ಬಾಗಿಲಿಗೆ ಹೋಗಬೇಕಾಗಿತ್ತು. ಅದು ಊರಿಗೆ ಗೊತ್ತಾಗದೆ ಇರುತ್ತದೆಯೇ? ರಾಗಿ ಬೀಸಿಸಲು ಮಿಲ್ಲಿನ ಹತ್ತಿರ ಕೂತಿದ್ದಾಗ ಒಬ್ಬಳು ಶುರುಮಾಡಿದಳು.

“ಏನಕ್ಕಾ, ಊರಿಗೆಲ್ಲ ಬೀಜ ಕೊಡೋರ ಮನೇಲೇ ಈ ಸಲ ಮಡಿ ಬೋಳಂತೆ?”

“ಕೈ ಗುಣ ಹೋಯ್ತಾ ಏನ್ ಕತೆ?” ಎಂದು ಇನ್ನೊಬ್ಬಳು ನಕ್ಕಳು.

ನನ್ನ ತಪ್ಪು ಎಂದು ಹೇಳಲು ನಾಲಿಗೆ ಬರಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡಿದ್ದ ಆ ಅಗೆದ ಗೆಡ್ಡೆಯನ್ನು ತೆಗೆದು ಎಲ್ಲರಿಗೂ ತೋರಿಸಿದೆ. “ನನ್ ಕೈಗೇನಾಗಿಲ್ಲ ಕಣ್ರವ್ವಾ. ನನ್ ತಂಗಿ ಇದಕ್ಕೆ ಎಕ್ಸ್‌ರೇ ಹಿಡಿಸ್ಕೊಂಡ್ ಬಂದವಳೆ. ಜೀವಾನೇ ತೆಗೆದವ್ರೆ. ಭೂಮಿತಾಯಿ ಹೊಟ್ಟೇಲೇ ಚಿಗುರ್ಲಿಲ್ಲ, ಇನ್ನ ನಮ್ ಹೊಟ್ಟೆಗೆ ಹೋದ್ರೆ ಏನಾದೀತು ಹೇಳಿ?”

ಮಾತು ಚೆನ್ನಾಗಿ ಬಂತು. ಗೆಡ್ಡೆ ಕೈಯಿಂದ ಕೈಗೆ ಹೋಯಿತು, ಎಲ್ಲರೂ ಆ ಚುಕ್ಕೆಯನ್ನು ನೋಡಿದರು. ನನ್ನ ಮಾತನ್ನು ಅಷ್ಟು ಜನ ಅಷ್ಟು ಗಮನ ಕೊಟ್ಟು ಕೇಳಿದ್ದು ಅದೇ ಮೊದಲು. ಹಿಟ್ಟು ಹೊತ್ತುಕೊಂಡು ಮನೆಗೆ ಬರುವಾಗ ನನಗೆ ಖುಷಿಯಾಗಿತ್ತು.

ಆ ಮಾತು ಎಷ್ಟು ದೂರ ಹೋಯಿತೆಂದರೆ, ಒಂದು ದಿನ ಕಡೂರಿನಿಂದ ಬರುವ ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಪಕ್ಕದವಳಿಗೆ ಅದನ್ನು ನನ್ನ ಮಾತಿನಲ್ಲೇ ಹೇಳುತ್ತಿದ್ದಳು. “ಎಕ್ಸ್‌ರೇ ಈರುಳ್ಳಿ ಬಂದೈತಂತೆ ಕಣೇ, ನೋಡಿ ತಗೋ.” ಅಷ್ಟರಲ್ಲಿ ನಮ್ಮ ಬೀದಿಯ ಒಬ್ಬ ಸೊಸೆಗೆ ಮೂರನೇ ತಿಂಗಳಲ್ಲಿ ಬಸಿರು ಇಳಿಯಿತು. ಅವರ ಮನೆಗೆ ಒಂದು ಸಲ ನಾಲ್ಕು ಈರುಳ್ಳಿ ನಮ್ಮನೆಯಿಂದ ಹೋಗಿತ್ತು. ಆ ಹುಡುಗಿಗೆ ಹಿಂದೆ ಎರಡು ಸಲವೂ ಹಾಗೇ ಆಗಿತ್ತು ಎಂಬುದು ಎಲ್ಲರಿಗೂ ಗೊತ್ತು, ಆದರೆ ಈ ಸಲ ಹೇಳಲು ಒಂದು ಕಾರಣ ಸಿಕ್ಕಿತ್ತು. ಕಾರಣ ಕೊಟ್ಟವಳು ನಾನು. ಅವಳ ಅತ್ತೆ ಬಂದು ನನ್ನ ಮುಂದೆ ಕಣ್ಣೊರೆಸಿಕೊಂಡಾಗ ನಾನು ಅವಳ ಬೆನ್ನು ಸವರಿದೆ.

ತಂಗಿ ಫೋನು ಮಾಡಿದಳು.

“ಅಕ್ಕಾ, ಇಲ್ಲಿ ಏನೇನೋ ಅಂತಾವ್ರೆ. ನೀನೇನಾದ್ರೂ ಅಂದ್ಯಾ?”

“ನಾನ್ಯಾಕೆ ಅನ್ಲೇ?”

“ಹಂಗಲ್ಲ. ನಿಮ್ಮೂರ ಕಡೆಯಿಂದ ಬಂದ ಮಾತು ಅಂದ್ರು. ನೀನ್ ಅನ್ನಲ್ಲ ಅಂತ ನಂಗೊತ್ತು. ಯಾರಾದ್ರೂ ಕೇಳಿದ್ರೆ ಒಂದ್ ಮಾತು ಹೇಳಕ್ಕಾ. ನೀನೂ ತಿಂದಿದೀಯಲ್ಲ.”

“ಹೇಳ್ತೀನಿ ಬಿಡು” ಎಂದೆ.

ನಾನು ತಿಂದಿದ್ದೆ, ಅದು ನಿಜ. ನೆಟ್ಟು ಉಳಿದಿದ್ದನ್ನು ದಿನಾ ಸಾರಿಗೆ ಹಾಕುತ್ತಿದ್ದೆ. ಮಿಲ್ಲಿನ ಹತ್ತಿರ ಆ ಮಾತಾಡಿದ ದಿನವೂ ಮನೆಗೆ ಬಂದು ಒಗ್ಗರಣೆಗೆ ಅದನ್ನೇ ಹೆಚ್ಚಿದೆ. ಆದರೆ ಮಗಳು ಬಸುರಿ ಎಂದು ಗೊತ್ತಾಗಿದ್ದರಿಂದ, ನಾನೇ ಹುಟ್ಟಿಸಿದ ಮಾತು ಬರುಬರುತ್ತಾ ನನ್ನನ್ನೇ ಹೆದರಿಸತೊಡಗಿತು. ಅವಳು ಹಬ್ಬಕ್ಕೆ ಬಂದಿದ್ದಾಗ ಅದೇ ಈರುಳ್ಳಿಯ ಪಲ್ಯ ಬಡಿಸಿದ್ದೆ. ಸುಳ್ಳು ಎಂದು ಗೊತ್ತಿದ್ದೂ ದಿನಾ ಫೋನು ಮಾಡಿ ಮೈ ಹೇಗಿದೆ ಎಂದು ಕೇಳುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ತರೀಕೆರೆಯಲ್ಲಿ ಡಾಕ್ಟರಮ್ಮನಿಗೆ ತೋರಿಸಲು ಮಗಳ ಜೊತೆ ಹೋದೆ. ನೋಡಿದ್ದಾದ ಮೇಲೆ ಮಗಳು ಹೊರಗೆ ಬೆಂಚಿನ ಮೇಲೆ ಕೂತಳು. ನಾನು ಚೀಲ ಮರೆತವಳ ಹಾಗೆ ವಾಪಸ್ ಒಳಗೆ ಹೋಗಿ, ಎಲ್ಲವನ್ನೂ ಕೇಳಿಬಿಟ್ಟೆ. ಕಿರಣ, ಚಿಗುರದಿದ್ದದ್ದು, ಚುಕ್ಕೆ, ನಮ್ಮ ಬೀದಿಯ ಸೊಸೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು.

“ನಿಮ್ಗೆ ಯಾವತ್ತಾದ್ರೂ ಎಕ್ಸ್‌ರೇ ತೆಗ್ದಿದಾರಾ ಅಮ್ಮಾ?”

“ಕೈ ಮುರಿದಾಗ ತೆಗೆದಿದ್ರು ತಾಯಿ.”

“ತೆಗೆದ ಮೇಲೆ ಆ ಕಿರಣ ನಿಮ್ ಕೈಯಲ್ಲೇ ಉಳೀತಾ? ಆ ಕೈಯಲ್ಲಿ ಮಾಡಿದ ರೊಟ್ಟಿ ತಿಂದೋರಿಗೆ ಏನಾದ್ರೂ ಆಯ್ತಾ?”

“ಇಲ್ಲ.”

“ಇದೂ ಹಾಗೇನೇ. ಹಾದು ಹೋಗತ್ತೆ, ಅದ್ರಲ್ಲಿ ಉಳ್ಕೊಳ್ಳಲ್ಲ. ಎಷ್ಟು ಕೊಡಬೇಕು ಅಂತ ಲೆಕ್ಕ ಇರತ್ತೆ, ಅಷ್ಟೇ ಕೊಡ್ತಾರೆ. ಮೊಳಕೆ ಬರೋದು ನಿಲ್ಲತ್ತೆ, ಅಷ್ಟೆ. ತಿಂದೋರ ಗರ್ಭಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ. ಕೊಳೆತಿದ್ರೆ ಬಿಸಾಕಿ, ಚೆನ್ನಾಗಿದ್ರೆ ತಿನ್ನಿ. ಬೇರೆ ಈರುಳ್ಳಿಗೆ ಏನ್ ಮಾಡ್ತೀರೋ ಅದೇ.” ಆಮೇಲೆ ಕನ್ನಡಕದ ಮೇಲಿಂದ ನೋಡಿ, “ಯಾರಮ್ಮಾ ಈ ಸುದ್ದಿ ಹಬ್ಬಿಸಿದ್ದು?” ಎಂದರು.

“ಜನ ಏನೇನೋ ಅಂತಾರೆ” ಎಂದು ಹೇಳಿ ಹೊರಗೆ ಬಂದೆ.

ಮಗಳು, “ಸಿಕ್ತಾ ಚೀಲ?” ಎಂದಳು. ಸಿಕ್ಕಿತು ಎಂದೆ. ಅವಳಿಗೂ ಹೇಳಲಿಲ್ಲ. ಹೇಳಿದರೆ ಮೊದಲು ಮಾತು ಹುಟ್ಟಿಸಿದ್ದು ಯಾರು ಎಂಬುದೂ ಹೊರಗೆ ಬರುತ್ತಿತ್ತು. ಇನ್ನೂ ಸಮಯವಿದೆ, ನಿಧಾನಕ್ಕೆ ತಾನೇ ತಣ್ಣಗಾಗುತ್ತದೆ ಎಂದುಕೊಂಡೆ.

ಏಳನೇ ತಿಂಗಳಲ್ಲಿ ತವರಿನವರು ಬಯಕೆ ಊಟ ತೆಗೆದುಕೊಂಡು ಹೋಗುವುದು ನಮ್ಮ ಪದ್ಧತಿ. ಬಸುರಿ ಏನು ಕೇಳುತ್ತಾಳೋ ಅದನ್ನು ಮಾಡಿಕೊಂಡು ಗಂಡನ ಮನೆಗೆ ಹೋಗಿ, ಬಳೆ ತೊಡಿಸಿ, ನಮ್ಮ ಕೈಯಾರೆ ಬಡಿಸಬೇಕು. ಮಗಳನ್ನು ಕೇಳಿದಾಗ, ಹೋಳಿಗೆ ಬೇಡ, ಎಳ್ಳಿನ ಚಿಗಳಿ ಬೇಡ, ಚಿಕ್ಕಮ್ಮನ ಈರುಳ್ಳಿ ಗೊಜ್ಜು ಬೇಕು ಎಂದಳು. ಚಿಕ್ಕಂದಿನಲ್ಲಿ ರಜಕ್ಕೆ ಹೋದಾಗ ತಿಂದ ಗೊಜ್ಜು. ಈರುಳ್ಳಿಯನ್ನು ಕೆಂಡದಲ್ಲಿ ಸುಟ್ಟು, ಹುಣಸೆ, ಬೆಲ್ಲ, ಹುರಿದ ಎಳ್ಳಿನ ಪುಡಿ ಹಾಕಿ ಕುದಿಸುತ್ತಾಳೆ. ನಾನು ಮಾಡಿದರೆ ಹಾಗೆ ಬರುವುದಿಲ್ಲ. ಫೋನಿನಲ್ಲಿ ಹೇಳಿದಾಗ ತಂಗಿ ಮೊದಲು ನಂಬಲಿಲ್ಲ. ಮಕ್ಕಳಿಲ್ಲದವಳನ್ನು ಇಂಥ ಶಾಸ್ತ್ರಕ್ಕೆ ಕೆಲವರು ಕರೆಯುವುದೇ ಇಲ್ಲ, ಕರೆದರೂ ಹಿಂದೆ ಕೂರಿಸುತ್ತಾರೆ. ಅವಳಿಗೆ ಅದೆಲ್ಲ ಅಭ್ಯಾಸ. “ನಂದೇ ಬೇಕು ಅಂದ್ಲಾ?” ಎಂದು ಎರಡು ಸಲ ಕೇಳಿದಳು.

ಅವತ್ತು ಸ್ಟೀಲಿನ ದೊಡ್ಡ ಡಬರಿಯಲ್ಲಿ ಗೊಜ್ಜು ತುಂಬಿಕೊಂಡು, ಮೇಲೆ ಬಿಳಿ ಬಟ್ಟೆ ಕಟ್ಟಿಕೊಂಡು, ಅಜ್ಜಂಪುರದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ಸೀರೆಗೆ ಹುಣಸೆ ರಸದ ಕಲೆಯಾಗಿತ್ತು. ಒಳಗಿನ ಕೋಣೆಯಲ್ಲಿ ಮಗಳು ಹಸಿರು ಸೀರೆ ಉಟ್ಟು ಕುರ್ಚಿಯ ಮೇಲೆ ಕೂತಿದ್ದಳು, ಬಳೆಗಾರ ಬಳೆ ತೊಡಿಸುತ್ತಿದ್ದ. ನಾವು ನಡುಮನೆಯಲ್ಲಿ ಎಲೆ ಹಾಕುತ್ತಿದ್ದೆವು. ತಂಗಿ ಡಬರಿಯ ಬಟ್ಟೆ ಬಿಚ್ಚಿದ್ದೇ ಬೀಗಿತ್ತಿಯ ಓರಗಿತ್ತಿ ಹತ್ತಿರ ಬಂದಳು.

“ಇದು ಆ ಎಕ್ಸ್‌ರೇ ಈರುಳ್ಳೀದಾ?”

“ಹೂಂ ಕಣಕ್ಕಾ. ಕಿರಣ ಹಾಯ್ಸಿದ್ದೇ. ಚೆನ್ನಾಗೈತೆ, ನೋಡಿ” ಎಂದಳು ತಂಗಿ. ಬೇರೆಯದು ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳಿಗೆ ಸುಳ್ಳು ಹೇಳಬೇಕು ಎಂದು ಹೊಳೆಯಲೂ ಇಲ್ಲ.

“ಬಿತ್ತಿದ್ರೂ ಹುಟ್ಟದ್ದನ್ನ ಬಸುರಿಗೆ ಬಡಿಸ್ತಾರೇನ್ರವ್ವಾ?” ಎಂದಳು ಆಕೆ, ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ದನಿ ತಗ್ಗಿಸಿ, ಆದರೂ ಎಲ್ಲರಿಗೂ ಕೇಳುವ ಹಾಗೆಯೇ, “ಮಾಡಿದ ಕೈನೂ ಒಸಿ ನೋಡ್ಬೇಕಲ್ಲ” ಎಂದಳು.

ಬೀಗಿತ್ತಿ ಕೆಟ್ಟವರಲ್ಲ. ಮೊದಲ ಮೊಮ್ಮಗು ಎಂಬ ಹೆದರಿಕೆ. ಅವರು ತಂಗಿಯ ಮುಖ ನೋಡಲಾರದೆ ನನ್ನ ಕಡೆ ತಿರುಗಿದರು.

“ತಪ್ಪು ತಿಳ್ಕೋಬೇಡಿ ಬೀಗ್ರೇ. ನೀವು ಹೆತ್ತೋರು, ನಿಮಗಿಂತ ಹೆಚ್ಚಾ ನಾವು? ನೀವ್ ಬಡಿಸಿ ಅಂದ್ರೆ ಬಡಿಸ್ತೀವಿ. ಏನಂತೀರಿ?”

ತಂಗಿ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಅನುಮಾನ ಇರಲಿಲ್ಲ. ಅಕ್ಕ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಸೌಟು ಹಿಡಿದುಕೊಂಡೇ ನಿಂತಿದ್ದಳು. ಡಾಕ್ಟರಮ್ಮ ಹೇಳಿದ ಮಾತು ನನ್ನ ನಾಲಿಗೆಯ ಮೇಲಿತ್ತು. ಅದರ ಹಿಂದೆಯೇ, ಮೊದಲು ಈ ಮಾತು ಎಲ್ಲಿಂದ ಬಂತು ಎಂದು ಯಾರಾದರೂ ಕೇಳುತ್ತಾರೆ ಎಂಬುದೂ ಇತ್ತು. ಬೀಗರ ಮನೆಯಲ್ಲಿ, ಹೊಸ ಸಂಬಂಧದಲ್ಲಿ, ನಾನು ಸಣ್ಣವಳಾಗಬೇಕಾಗುತ್ತಿತ್ತು.

“ನಿಮ್ಮಿಷ್ಟ” ಎಂದೆ.

ಅಷ್ಟೇ. ಬಗ್ಗಿ ಎಲೆಗೆ ನೀರು ಚಿಮುಕಿಸಿದೆ.

ತಂಗಿ ಸೌಟನ್ನು ಡಬರಿಯೊಳಗೆ ಇಟ್ಟು, ಅದೇ ಬಟ್ಟೆಯನ್ನು ಮೇಲೆ ಹೊದಿಸಿ, ಹಿತ್ತಿಲ ಬಾಗಿಲ ಹತ್ತಿರ ಗೋಡೆಗೆ ಸರಿಸಿದಳು. ಆಮೇಲೆ ಬಂದು ಚಿತ್ರಾನ್ನದ ಪಾತ್ರೆ ಎತ್ತಿಕೊಂಡು ಎಲ್ಲರಿಗೂ ಬಡಿಸಿದಳು. ಅತ್ತಿದ್ದರೆ, ಜಗಳ ಮಾಡಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಮಗಳು ಎರಡೂ ಕೈ ತುಂಬಾ ಬಳೆ ತೊಟ್ಟುಕೊಂಡು ಬಂದು ಎಲೆಯ ಮುಂದೆ ಕೂತು ಅತ್ತಿತ್ತ ನೋಡಿದಳು.

“ಚಿಕ್ಕಮ್ಮಾ, ನನ್ ಗೊಜ್ಜೆಲ್ಲಿ?”

ಎಲ್ಲರೂ ಕೈ ನಿಲ್ಲಿಸಿದರು. ತಂಗಿಯೇ ಉತ್ತರ ಕೊಟ್ಟಳು.

“ಉಪ್ಪು ಜಾಸ್ತಿ ಆಗೋಯ್ತು ಕಣೇ ಪುಟ್ಟಿ. ಬಾಯಿಗೆ ಇಡಂಗಿಲ್ಲ. ಇನ್ನೊಂದ್ಸಲ ಮಾಡ್ಕೊಡ್ತೀನಿ.”

“ಉಪ್ಪು ನೋಡಲ್ವಾ ನೀನು? ಅಡಿಗೇಲಿ ಅಮ್ಮನ್ ತಂಗಿನೇ ಬಿಡು” ಎಂದು ಮಗಳು ನಕ್ಕಳು. ತಂಗಿಯೂ ನಕ್ಕಳು. ನಾನೂ ನಕ್ಕೆ.

ನಾಲ್ಕು ಗಂಟೆಯ ಬಸ್ಸಿಗೆ ಅವಳು ಹೊರಟಳು. ಬಸ್ ಸ್ಟ್ಯಾಂಡಿನವರೆಗೂ ನಾನೇ ಬಿಟ್ಟುಬಂದೆ. ದಾರಿಯಲ್ಲಿ ಡಬರಿಯನ್ನು ನನಗೆ ಕೊಡು, ಭಾರ ಎಂದೆ. ಕೊಡಲಿಲ್ಲ. ಬಸ್ಸು ಹತ್ತುವಾಗ, “ನಿಂಗೂ ಹಂಗೇ ಅನ್ಸೈತಾ ಅಕ್ಕಾ?” ಎಂದು ಕೇಳಿದಳು. ಈರುಳ್ಳಿಯ ಮಾತೋ, ಅವಳ ಕೈಯ ಮಾತೋ ಎಂದು ನಾನು ಕೇಳಲಿಲ್ಲ. ಕಂಡಕ್ಟರ್ ಸೀಟಿ ಊದಿದ.

ಅದುವರೆಗೆ ಸಂಘದ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಅವಳ ಕಡೆಗೇ ಇದ್ದರು. ಮೂಟೆಗಳು ಅವಳ ಕೊಟ್ಟಿಗೆಯ ಅಟ್ಟದ ಮೇಲೆ ಗಾಳಿಯಾಡುವ ಹಾಗೆ ಇದ್ದವು, ಒಂದೂ ಚಿಗುರಿರಲಿಲ್ಲ. ಬೇರೆಯವರ ಈರುಳ್ಳಿಯೆಲ್ಲ ಬಾಲ ಬಿಟ್ಟು ಮುಗಿದಿದ್ದ ಕಾಲ ಅದು, ಮಾರಿದ್ದರೆ ಅವಳು ಗೆದ್ದಂತೆ. ಆದರೆ ಬಯಕೆ ಊಟದ ಸುದ್ದಿ ಅವಳಿಗಿಂತ ಮೊದಲೇ ಅಜ್ಜಂಪುರ ಮುಟ್ಟಿತ್ತು. ಒಡಹುಟ್ಟಿದ ಅಕ್ಕನೇ ಮಗಳಿಗೆ ಬಡಿಸಲಿಲ್ಲವಂತೆ. ಅದಕ್ಕೆ ಎದುರು ಹೇಳಲು ಅವಳ ಹತ್ತಿರ ಏನಿತ್ತು? ಸಂಘದಲ್ಲಿ ಅವಳ ಜಾಗಕ್ಕೆ ಬೇರೆಯವರನ್ನು ಕೂರಿಸಿದರು. ಮೂಟೆ ಕೊಳ್ಳಲು ಯಾರೂ ಬರಲಿಲ್ಲ. ಒಂದು ದಿನ ಫೋನು ಮಾಡಿ, “ಎಲ್ಲಾನೂ ತಿಪ್ಪೆಗೆ ಸುರಿದ್ರು ಕಣಕ್ಕಾ. ಒಂದೂ ಕೊಳೆತಿರ್ಲಿಲ್ಲ” ಎಂದಳು. ಅದೊಂದೇ ಮಾತು. ಅದಾದ ಮೇಲೆ ತಾನಾಗಿ ಫೋನು ಮಾಡುವುದನ್ನು ನಿಲ್ಲಿಸಿದಳು. ನಾನು ಮಾಡಿದರೆ ಎತ್ತುತ್ತಿದ್ದಳು, ಹೂಂ, ಊಟ ಆಯ್ತು, ಚೆನ್ನಾಗಿದೀವಿ ಎನ್ನುತ್ತಿದ್ದಳು.

ಬೇಸಿಗೆಯಲ್ಲಿ ಮಗಳಿಗೆ ಹೆಣ್ಣು ಕೂಸಾಯಿತು. ಹೆರಿಗೆ ಸಲೀಸಾಯಿತು, ಕೂಸು ಗಟ್ಟಿಮುಟ್ಟಾಗಿತ್ತು. ಹೆಸರಿಡುವ ದಿನ ತಂಗಿ ಬರಲಿಲ್ಲ. ಹಳೆ ಸೀರೆಗಳನ್ನು ಸೇರಿಸಿ ಹೊಲೆದ ಒಂದು ಪುಟ್ಟ ಕೌದಿಯನ್ನು ಗಂಡನ ಕೈಯಲ್ಲಿ ಕಳಿಸಿದ್ದಳು. ಮೈ ಸರಿಯಿಲ್ಲ ಎಂದು ಅವನು ಹೇಳಿದ. ನನ್ನ ಮುಖ ನೋಡಿ ಹೇಳಲಿಲ್ಲ.

ಕೂಸಿಗೆ ಮೂರು ತಿಂಗಳಾಗಿದ್ದಾಗ ತರೀಕೆರೆಯ ಅದೇ ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ಕೂಸನ್ನು ತೂಗಿ, ಮಗಳ ಕಡೆ ನೋಡಿ ನಗುತ್ತಾ, “ಏನಮ್ಮಾ, ಆ ಈರುಳ್ಳಿ ತಿಂದ್ಯಾ ಇಲ್ವಾ ಆಮೇಲೆ? ನಿಮ್ಮಮ್ಮ ಹೆದರಿಕೊಂಡು ಕೇಳೋಕೆ ಬಂದಿದ್ರಲ್ಲ. ಏನೂ ಆಗಲ್ಲ ಅಂತ ಹೇಳಿ ಕಳಿಸಿದ್ದೆ” ಎಂದರು.

ಮಗಳು ನನ್ನ ಕಡೆ ತಿರುಗಿದಳು. ಬಸ್ಸಿನಲ್ಲಿ ಕೂತ ಮೇಲೆ ಕೇಳಿದಳು.

“ಯಾವಾಗ ಕೇಳ್ದೆ?”

“ಸಂಕ್ರಾಂತಿ ಆದ್ಮೇಲೆ.”

“ಊಟದ್ ದಿನ ನಿಂಗೆ ಗೊತ್ತಿತ್ತಾ ಹಂಗಾದ್ರೆ?”

“ಗೊತ್ತಿತ್ತು.”

“ಉಪ್ಪಲ್ವಾ ಅದು?”

ನಾನು ಅಲ್ಲವೆಂದು ತಲೆಯಾಡಿಸಿದೆ. ಅವಳು ಕೂಸನ್ನು ಎದೆಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು. “ಆ ಗೊಜ್ಜು ಕೇಳಿದ್ದು ನಾನು ಕಣಮ್ಮಾ” ಎಂದಳು.

ಆದರೂ ನಾನು ಕೂಡಲೇ ಹೋಗಲಿಲ್ಲ. ಎರಡು ಸಲ ಬಸ್ ಸ್ಟ್ಯಾಂಡಿನವರೆಗೆ ಹೋಗಿ ವಾಪಸ್ ಬಂದೆ. ಮನೆಯಲ್ಲಿ ಒಬ್ಬಳೇ ಸಿಕ್ಕಾಗ ಕಾಲು ಹಿಡಿದರಾಯಿತು ಎಂದುಕೊಳ್ಳುತ್ತಿದ್ದೆ. ಆದರೆ ಅವಳಿಗೆ ಹೋದ ಹೆಸರು ನಾಲ್ಕು ಜನರ ಮುಂದೆ ಹೋದದ್ದು. ಅಡಿಗೆಮನೆಯ ಮೂಲೆಯಲ್ಲಿ ಕೇಳಿದ ಕ್ಷಮೆ ಅವಳಿಗೆ ಏನು ಉಪಯೋಗ? ಇದನ್ನು ಒಪ್ಪಿಕೊಳ್ಳಲು ನನಗೆ ಮಳೆಗಾಲ ಪೂರ್ತಿ ಬೇಕಾಯಿತು.

ಮತ್ತೆ ಈರುಳ್ಳಿ ಕೀಳುವ ಕಾಲಕ್ಕೆ ಹೋದೆ. ಮನೆಗೆ ಬೀಗ ಹಾಕಿತ್ತು. ಕೂಲಿಗೆ ಹೋಗಿದ್ದಾಳೆ ಎಂದು ಪಕ್ಕದ ಮನೆಯವರು ಹೊಲ ತೋರಿಸಿದರು. ಕಿತ್ತ ಈರುಳ್ಳಿಯನ್ನು ಸಾಲಾಗಿ ಹರಡಿದ್ದರು. ಹದಿನೈದು ಇಪ್ಪತ್ತು ಹೆಂಗಸರು ತಲೆಗೆ ಟವಲ್ ಸುತ್ತಿಕೊಂಡು ಕೂತು, ಕುಡುಗೋಲಿನಿಂದ ಸೊಪ್ಪು ಕತ್ತರಿಸಿ ಗೆಡ್ಡೆಯನ್ನು ಒಂದು ಕಡೆ ಎಸೆಯುತ್ತಿದ್ದರು. ಹಿಂದಿನ ವರ್ಷ ಇವರಿಗೆಲ್ಲ ಮುಂದಾಗಿ ನಿಂತವಳು ಸಾಲಿನ ತುದಿಯಲ್ಲಿ, ಸ್ವಲ್ಪ ದೂರ ಬಿಟ್ಟು ಕೂತಿದ್ದಳು.

“ಏನಕ್ಕಾ, ಸಿಂಗಟಗೆರೆಯಿಂದ ಕೂಲಿಗೆ ಬಂದ್ರಾ? ಕುಡ್ಲು ತಂದಿದೀರಾ?” ಎಂದು ಒಬ್ಬಳು ಕೂಗಿದಳು. ಎಲ್ಲರೂ ನಕ್ಕರು.

“ಎಕ್ಸ್‌ರೇ ಅಮ್ಮನ್ನ ಮಾತಾಡ್ಸಕ್ಕೆ ಬಂದವ್ರೆ ಬಿಡೇ” ಎಂದಳು ಇನ್ನೊಬ್ಬಳು. ತಂಗಿಗೆ ಅವರು ಇಟ್ಟಿದ್ದ ಹೆಸರು ಅದು ಎಂದು ನನಗೆ ಗೊತ್ತಾದದ್ದು ಆಗ.

ತಂಗಿ ತಲೆ ಎತ್ತಿ ನೋಡಿದಳು. ಮುಖ ಕಪ್ಪಾಗಿತ್ತು, ಇಳಿದುಹೋಗಿತ್ತು. “ಬಿಸ್ಲಲ್ಲಿ ಯಾಕ್ ಬಂದೆ? ಅಲ್ಲಿ ಮರದ್ ಕೆಳಗೆ ನೀರೈತೆ, ಕುಡಿ. ಈ ಸಾಲು ಮುಗಿಸ್ಕೊಂಡ್ ಬತ್ತೀನಿ” ಎಂದು ಮತ್ತೆ ಕುಡುಗೋಲು ಹಿಡಿದಳು.

ನಾನು ಮರದ ಕಡೆ ಹೋಗಲಿಲ್ಲ. ಅಲ್ಲೇ, ಗೆಡ್ಡೆಗಳ ನಡುವೆ, ಎಲ್ಲರಿಗೂ ಕಾಣುವ ಕಡೆ ನಿಂತೆ. ದನಿ ಏಳುತ್ತದೋ ಇಲ್ಲವೋ ಎಂಬ ಹೆದರಿಕೆಯಿಂದ ಬೇಕಾದ್ದಕ್ಕಿಂತ ಗಟ್ಟಿಯಾಗಿ ಕೂಗಿಬಿಟ್ಟೆ.

“ಕೇಳ್ರವ್ವಾ ಒಸಿ. ಆ ಈರುಳ್ಳಿ ತಿಂದ್ರೆ ಹೊಟ್ಟೆ ನಿಲ್ಲಲ್ಲ ಅಂತ ಮೊದಲು ಅಂದೋಳು ನಾನು. ಇವಳು ಬಿತ್ತಬೇಡ ಅಂದಿದ್ಲು, ನಾನೇ ಬಿತ್ತಿ ಕೆಟ್ಟೆ, ತಪ್ಪನ್ನ ಇವಳ ತಲೆಗ್ ಕಟ್ಟಿದೆ. ಆಮೇಲೆ ಡಾಕ್ಟರಮ್ಮನ್ನ ಕೇಳಿದೆ. ಏನೂ ಆಗಲ್ಲ, ತಿನ್ನಿ ಅಂದ್ರು. ನಾನು ತಿಂದಿದೀನಿ, ನನ್ ಮಗಳು ಬಸುರೀಲಿ ನಮ್ಮನೇಲಿ ತಿಂದವಳೆ, ಕೂಸು ಚೆನ್ನಾಗೈತೆ. ಎಲ್ಲಾ ಗೊತ್ತಿದ್ದೂ ಬೀಗ್ರ ಮನೇಲಿ ನಿಮ್ಮಿಷ್ಟ ಅಂದ್ಬಿಟ್ಟೆ.”

ಕುಡುಗೋಲುಗಳ ಸದ್ದು ನಿಂತಿತ್ತು. ತಂಗಿ ಮಾತ್ರ ಬಗ್ಗಿಕೊಂಡು ಕತ್ತರಿಸುತ್ತಲೇ ಇದ್ದಳು. ನಾನು ಅವಳ ಕಡೆ ತಿರುಗಿದೆ.

“ತಪ್ಪಾಯ್ತು ಕಣೇ ತಂಗೀ. ನಿನ್ ಕೈನ ಅವ್ರು ಹಂಗಂದಾಗ ನಾನು ಎಲೆಗೆ ನೀರು ಚಿಮುಕಿಸ್ತಾ ಕೂತಿದ್ದೆ. ಕ್ಷಮ್ಸು ಅನ್ನೋ ಮಖ ನಂಗಿಲ್ಲ. ಆದ್ರೂ ಇವರೆಲ್ಲರ ಮುಂದೆ ಕೇಳ್ತೀನಿ. ನನ್ನ ಕ್ಷಮ್ಸೇ.”